ಕುಡಿಯದ ಸಿಂದಿಗೆ ಹಚ್ಚಿದ ದರ್ಜೆ

ಸಿಂದಿಯ ಒಂದು ಹನಿಯನ್ನೂ ನಾನು ನಾಲಿಗೆಗೆ ಮುಟ್ಟಿಸಿದವಳಲ್ಲ. ಆದರೂ ಚಿಂಚೋಳಿ ತಾಲೂಕಿನಲ್ಲಿ ಯಾವ ಬನದ ಸಿಂದಿ ಮೊದಲನೆಯ ದರ್ಜೆ, ಯಾವುದು ಎರಡನೆಯದು, ಯಾವುದು ಮೂರನೆಯದಕ್ಕೂ ಲಾಯಕ್ಕಿಲ್ಲ ಎಂದು ಒಂದು ವರ್ಷ ತೀರ್ಮಾನ ಮಾಡಿದ್ದು ನಾನು. ಈಗ ಹೇಳಿದರೆ ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಗಲಿ. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ಹಣೆಗೆ ವಿಭೂತಿ ಹಚ್ಚದೆ ಒಲೆಗೆ ಬೆಂಕಿ ಹಾಕದವಳು, ಈಚಲು ಗಿಡದಿಂದ ಇಳಿಸಿದ ಹೆಂಡಕ್ಕೆ ದರ್ಜೆ ಹಚ್ಚಿದಳು ಅಂದರೆ ನಗು ಬರುವ ಮಾತೇ. ಆದರೆ ಆ ವರ್ಷ ನಾನು ನಕ್ಕದ್ದು ಕಡಿಮೆ.

ನನ್ನ ತವರು ಸೇಡಂ. ಅಪ್ಪನದು ತುಪ್ಪದ ವ್ಯಾಪಾರ. ಸುತ್ತಲಿನ ತಾಂಡಾಗಳಿಂದ, ಹಳ್ಳಿಗಳಿಂದ ಬೆಣ್ಣೆ ಬರುತ್ತಿತ್ತು. ಅದನ್ನು ಕಾಸಿ, ಸೋಸಿ, ಡಬ್ಬಿ ತುಂಬಿ ವಾಡಿಗೂ ಶಹಾಬಾದಿಗೂ ಕಳಿಸುತ್ತಿದ್ದರು. ಬೆಣ್ಣೆಯ ಮುದ್ದೆ ಮುಂದಿಟ್ಟರೆ ಅಪ್ಪ ಅದನ್ನು ನೋಡುವ ಗೋಜಿಗೇ ಹೋಗುತ್ತಿರಲಿಲ್ಲ. ಉಗುರಿನ ತುದಿಯಷ್ಟು ತೆಗೆದು ಅಂಗೈ ಹಿಂಭಾಗಕ್ಕೆ ತಿಕ್ಕಿ ಮೂಸುತ್ತಿದ್ದರು. ಎಮ್ಮೆಯದೋ ಆಕಳದೋ, ಎಷ್ಟು ದಿನ ಕೂಡಿಹಾಕಿದ್ದು, ಯಾವ ಗಡಿಗೆಯಲ್ಲಿ ಇಟ್ಟದ್ದು, ಎಲ್ಲ ಹೇಳಿಬಿಡುತ್ತಿದ್ದರು. ನಾನು ಪರಕಾರ ಉಡುವ ವಯಸ್ಸಿನಿಂದ ನನ್ನನ್ನೂ ಪಕ್ಕದಲ್ಲಿ ಕೂಡಿಸಿಕೊಂಡು, ನನ್ನ ಕೈಗೂ ತಿಕ್ಕಿ, "ಹೇಳು ನೋಡಮ್" ಅನ್ನುತ್ತಿದ್ದರು. ನನ್ನ ಅಣ್ಣಂದಿರಿಗೆ ಆ ಮೂಗು ಬರಲಿಲ್ಲ. ಅವರಿಗೆ ಬಂದದ್ದು ಅಪ್ಪನ ಸಿಟ್ಟು ಮಾತ್ರ.

ನನ್ನನ್ನು ಕೊಟ್ಟದ್ದು ಕರೋಡಗಿರಿ ಖಾತೆಯವರಿಗೆ. ಹೈದರಾಬಾದ್ ಸಂಸ್ಥಾನದ ಗಡಿ ದಾಟುವ ಸರಕಿಗೆ ಸುಂಕ ಹಾಕುವ ಖಾತೆ ಅದು. ವಾಡಿ ಸ್ಟೇಷನ್ನಿನಲ್ಲಿ ನಮ್ಮವರ ನೌಕರಿ. ಅಲ್ಲಿ ಹಗಲು ರಾತ್ರಿ ರೈಲಿನ ಡಬ್ಬಿ ಜೋಡಿಸುವ ಸದ್ದು, ಒಣಹಾಕಿದ ಅರಿವೆಯ ಮೇಲೆಲ್ಲ ಕಲ್ಲಿದ್ದಲಿನ ಕರಿ. ಆದರೂ ವಾಡಿ ನನಗೆ ಹಿಡಿಸಿತ್ತು, ಯಾಕೆಂದರೆ ಅಪ್ಪ ತುಪ್ಪದ ಡಬ್ಬಿಗಳ ಜೊತೆ ವಾರಕ್ಕೊಮ್ಮೆಯಾದರೂ ಬರುತ್ತಿದ್ದರು. ಬಂದು, ಉಂಡು, ಗೋಡೆಗೆ ಒರಗಿ ಒಂದು ನಿದ್ದೆ ತೆಗೆದು, ಸಂಜೆ ಗಾಡಿಗೆ ಹೋಗುತ್ತಿದ್ದರು. ಮಗಳನ್ನು ಸರಕಾರಿ ನೌಕರಿಯವನಿಗೆ ಕೊಟ್ಟಿದ್ದೀನಿ ಅನ್ನುವ ಹೆಮ್ಮೆ ಅವರು ನಿದ್ದೆ ಹೋದಾಗಲೂ ಮುಖದ ಮೇಲೆ ಇರುತ್ತಿತ್ತು.

ಪೊಲೀಸ್ ಕಾರ್ಯಾಚರಣೆ ಆಗಿ ಸಂಸ್ಥಾನ ದೇಶದೊಳಗೆ ಸೇರಿದ ಮೇಲೆ ಗಡಿಯೇ ಇಲ್ಲವಾಯಿತು. ಗಡಿ ಇಲ್ಲದ ಮೇಲೆ ಸುಂಕದವರಿಗೇನು ಕೆಲಸ? ಖಾತೆ ಮುಚ್ಚುತ್ತ ಬಂತು, ಇದ್ದವರನ್ನು ಅಲ್ಲಿಗೊಬ್ಬರು ಇಲ್ಲಿಗೊಬ್ಬರು ಅಂತ ಹಂಚಿದರು. ಲೋಕದಲ್ಲಿ ಅಷ್ಟು ಖಾತೆಗಳಿದ್ದವು, ನಮ್ಮವರ ಪಾಲಿಗೆ ಬಂದದ್ದು ಅಬಕಾರಿ. ಹೆಂಡ, ಸಾರಾಯಿಯ ಖಾತೆ. ಊರು ಚಿಂಚೋಳಿ.

ಹೋಗುವ ಮೊದಲು ಇಬ್ಬರೂ ಸೇಡಂಗೆ ಹೋಗಿ ಅಪ್ಪನಿಗೆ ಹೇಳಿದೆವು. ಅಪ್ಪ ತಕ್ಕಡಿ ಒರೆಸಿ ಪಕ್ಕಕ್ಕಿಟ್ಟರು. ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ.

"ಅಬಕಾರಿಯವರ ಮನೀ ನೀರು ನಾ ಕುಡಿಯಂಗಿಲ್ಲ," ಅಂದರು ಕೊನೆಗೆ.

"ನಾ ಕುಡಿಯಾವ ಅಲ್ರಿ ಮಾವಾರ," ಅಂದರು ನಮ್ಮವರು. "ಕುಡಿಸಾವನೂ ಅಲ್ಲ. ಗಿಡ ಎಣಿಸಿ ನಂಬರ್ ಹಾಕಾವ."

"ಅದರಾಗ ಫರಕ್ ಏನದ? ಆ ಖಾತೆ ಬಿಟ್ಟ ದಿನ ಹೇಳಿ ಕಳಸ್ರಿ. ನಾನ ಬಂದು ಉಂಡು ಹೋಗ್ತೀನಿ."

ಹೀಗಂದು ಒಳಗೆ ಹೋದರು. ಅಪ್ಪ ಒಂದು ಮಾತು ಆಡಿದರೆಂದರೆ ಅದು ಕಲ್ಲಿನಲ್ಲಿ ಕೊರೆದ ಹಾಗೆ. ನಮ್ಮವರು ಅವತ್ತೇ, ಅಲ್ಲೇ, ನಮ್ಮ ತವರಿನ ಪಡಸಾಲೆಯಲ್ಲಿ ಕೂತು ತಹಸೀಲ ಕಚೇರಿಗೆ ವರ್ಗ ಮಾಡಬೇಕೆಂದು ಅರ್ಜಿ ಬರೆದರು. ಅರ್ಜಿ ಹೋಯಿತು. ನಾವು ಚಿಂಚೋಳಿಗೆ ಹೋದೆವು. ಅಂದಿನಿಂದ ನನ್ನ ಜೀವ ಆ ಅರ್ಜಿಯ ಜೊತೆ ಹೋಯಿತು ಅನ್ನಬೇಕು.

ಚಿಂಚೋಳಿಯ ಜನ ಕೆಟ್ಟವರೇನಲ್ಲ. ಜಗಳಕ್ಕೆ ಬರಲಿಲ್ಲ, ಹೀಯಾಳಿಸಲಿಲ್ಲ. ಏನೂ ಮಾಡಲಿಲ್ಲ, ಅದೇ ಕಷ್ಟ. ಬಾವಿಗೆ ಹೋದರೆ ಹೆಂಗಸರು ಸರಿದು ಜಾಗ ಬಿಡುತ್ತಿದ್ದರು. ಅದು ಮರ್ಯಾದೆಯೋ ಮಡಿಯೋ ಅಂತ ತಿಳಿಯಲು ನನಗೆ ಬಹಳ ದಿನ ಬೇಕಾಗಲಿಲ್ಲ. ಉಡಿ ತುಂಬುವುದಕ್ಕೆ ಕರೆಯುತ್ತಿರಲಿಲ್ಲ. ಓಣಿಯಲ್ಲಿ ಮನೆಮನೆಗೆ ನಿಂತು ಭಿಕ್ಷೆ ಪಡೆಯುವ ಜಂಗಮರು ನಮ್ಮ ಬಾಗಿಲ ಮುಂದೆ ಮಾತ್ರ ನಡಿಗೆ ಚುರುಕು ಮಾಡುತ್ತಿದ್ದರು. ಮೊರದಲ್ಲಿ ಜೋಳ ಹಿಡಿದು ಹೊಸ್ತಿಲಲ್ಲಿ ನಿಂತವಳು ನಿಂತೇ ಇರುತ್ತಿದ್ದೆ. ಒಂದು ದಿನ ಸಿಟ್ಟು ನೆತ್ತಿಗೇರಿ, "ನಮ್ಮ ಮನಿ ಜೋಳ ಏನು ಸಿಂದಿ ಕುಡದದ ಏನ್ರಿ?" ಅಂತ ಕೂಗಿಬಿಟ್ಟೆ. ಅವರು ತಿರುಗಿ ನೋಡಲಿಲ್ಲ. ಓಣಿಯವರೆಲ್ಲ ನೋಡಿದರು. ಆಮೇಲೆ ಮೊರ ಹಿಡಿದು ನಿಲ್ಲುವುದನ್ನು ಬಿಟ್ಟೆ.

ನಮ್ಮವರು ಸೈಕಲ್ ತೆಗೆದುಕೊಂಡು ಬೆಳಗಾಗುವ ಮೊದಲೇ ಹೊರಡುತ್ತಿದ್ದರು. ಕುಂಚಾವರಂ ಕಡೆಯ ಕಾಡು, ಚಂದ್ರಂಪಳ್ಳಿಯ ಹಳ್ಳದ ದಂಡೆ, ಎಲ್ಲಿ ಈಚಲು ಬನ ಇದ್ದರೆ ಅಲ್ಲಿ. ಬರುವುದು ಹೊತ್ತು ಮುಳುಗುವಾಗ. ಬಂದವರು ಉಂಡು, ಮೂಗಿಗೆ ಒಂದು ಚಿಟಿಕೆ ನಶ್ಯ ಏರಿಸಿ, ಮಲಗುವರು. ಮಾತು ಕಡಿಮೆ. ಮಾತಾಡಲು ಏನಿತ್ತು? ನಾನು ಹೋದಲ್ಲಿ ನನಗೆ ಮಾತಿಲ್ಲ, ಅವರು ಹೋದಲ್ಲಿ ಅವರು ಸರಕಾರ. ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಬಂದು ಒಂದೇ ಛಾವಣಿಯ ಕೆಳಗೆ ಕೂಡುತ್ತಿದ್ದೆವು. ಹಗಲಿನಲ್ಲಿ ನಾನು ಒಬ್ಬಳೇ ಗೋಡೆಗೆ ಮಾತಾಡುತ್ತಿದ್ದೆ. ಉತ್ತರವೂ ನಾನೇ ಕೊಡುತ್ತಿದ್ದೆ, ಅದೂ ಅವ್ವನ ದನಿಯಲ್ಲಿ.

ಹೀಗೆ ಒಂದೂವರೆ ವರ್ಷ ಹೋದ ಮೇಲೆ ನಾನು ಬಸಿರಾದೆ. ಚೊಚ್ಚಲು. ನಮ್ಮ ಕಡೆ ಚೊಚ್ಚಲ ಬಸುರಿಗೆ ಏಳನೆಯ ತಿಂಗಳಲ್ಲಿ ತವರಿನವರು ಕುಬಸ ಮಾಡುತ್ತಾರೆ. ಹಸಿರು ಸೀರೆ, ಕುಬಸ ಅನ್ನುವ ರವಿಕೆ, ಹಸಿರು ಬಳೆ, ತರತರದ ಬುತ್ತಿ ಕಟ್ಟಿಕೊಂಡು ಬಂದು, ಉಡಿಸಿ, ಉಣಿಸಿ, ಬಾಣಂತನಕ್ಕೆ ಮಗಳನ್ನು ಕರೆದುಕೊಂಡು ಹೋಗುತ್ತಾರೆ. ಕರೆಯಲು ಬರುವವರು ಅಪ್ಪನೋ ಅಣ್ಣನೋ. ಏಳನೆಯ ತಿಂಗಳಿನೊಳಗೆ ವರ್ಗದ ಹುಕುಂ ಬಂದರೆ ಅಪ್ಪ ಬರುತ್ತಾರೆ, ಬರದಿದ್ದರೆ ಇಲ್ಲ. ನನ್ನ ಲೆಕ್ಕ ಇಷ್ಟೇ. ಟಪಾಲಿನವನ ದನಿ ಕೇಳಿದರೆ ಸಾಕು, ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯುತ್ತಿತ್ತು.

ಅದೇ ಹೊತ್ತಿಗೆ ಮೇಲಿನಿಂದ ಒಂದು ಹೊಸ ಫರ್ಮಾನು ಬಂತು. ಹೊಸ ಸರಕಾರಕ್ಕೆ ಎಲ್ಲವನ್ನೂ ಹಸನು ಮಾಡುವ ಹುರುಪು. ಸಿಂದಿ ಇಳಿಸುವ ಗುತ್ತಿಗೆಯ ಹರಾಜಿಗೆ ಮೊದಲು ಪ್ರತಿ ತಾಲೂಕಿನ ಸಿಂದಿಯನ್ನೂ ಪರೀಕ್ಷೆ ಮಾಡಿ, ಬನಬನಕ್ಕೂ ದರ್ಜೆ ಹಚ್ಚಬೇಕು. ಒಂದು, ಎರಡು, ಮೂರು. ಮೊದಲನೆಯ ದರ್ಜೆಯ ಸಿಂದಿಯ ಗಡಿಗೆಗಳನ್ನು ಚಿತ್ತಾಪುರದಲ್ಲಿ ಸಾಹೇಬರ ಕ್ಯಾಂಪಿಗೆ ಕಳಿಸಬೇಕು, ಅಲ್ಲಿ ಹಿರಿಯರು ಕೂತು ಜಿಲ್ಲೆಗೆಲ್ಲ ಮೇಲಾದದ್ದು ಯಾವುದೆಂದು ನೋಡುತ್ತಾರೆ. ಬೇರೆ ತಾಲೂಕುಗಳಲ್ಲಿ ಇದು ಕಷ್ಟದ ಕೆಲಸವೇ ಅಲ್ಲ. ಅಲ್ಲಿದ್ದವರು ಹಳೆಯ ಹುಲಿಗಳು, ಕುಡಿದು ಕುಡಿದು ನಾಲಿಗೆ ಪಳಗಿದವರು. ಅವರು ಸರಕಾರದ ಖರ್ಚಿನಲ್ಲಿ ಕುಡಿದು ದರ್ಜೆ ಹಚ್ಚಿದರು. ನಮ್ಮ ತಾಲೂಕಿನಲ್ಲಿ ಈ ಕೆಲಸ ಬಿದ್ದದ್ದು ಲಿಂಗ ಕಟ್ಟಿದವರ ಕೊರಳಿಗೆ. ನಾಲಿಗೆಗೆ ಹನಿ ಮುಟ್ಟಿಸುವ ಹಾಗಿಲ್ಲ. ಸರಿ, ವಾಸನೆಯಿಂದ ಹೇಳೋಣ ಅಂದರೆ ಮೂಗಿನ ತುಂಬ ನಶ್ಯ. ಈಚಲ ಸಿಂದಿಯನ್ನೂ ಸೀಮೆಎಣ್ಣೆಯನ್ನೂ ಅಕ್ಕಪಕ್ಕ ಇಟ್ಟರೆ ಆ ಮೂಗಿಗೆ ಎರಡೂ ಒಂದೇ.

ಒಂದು ಮುಂಜಾನೆ ಗಿಡದಿಂದ ಸಿಂದಿ ಇಳಿಸುವವರು ನಾಲ್ಕು ಗಡಿಗೆ ತಂದು ಅಂಗಳದಲ್ಲಿ ಇಟ್ಟು ಹೋದರು. ಬಾಯಿಗೆ ಮುತ್ತಲ ಎಲೆ ಕಟ್ಟಿತ್ತು. ನಮ್ಮವರು ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದರ ಎಲೆ ಸರಿಸಿ, ಬಗ್ಗಿ, ಮೂಸಿ, ತಲೆ ಕೆರೆದುಕೊಂಡು, ಮತ್ತೆ ನಶ್ಯ ಏರಿಸಿ ಕೂತಿದ್ದರು. ಕಚೇರಿಯಲ್ಲಿ ಇದನ್ನು ಮಾಡಿದರೆ ಜವಾನರು ನಗುತ್ತಾರೆಂದು ಮನೆಗೆ ತರಿಸಿಕೊಂಡಿದ್ದರಂತೆ.

ಆಗ ನನಗೆ ಮೂರನೆಯ ತಿಂಗಳು. ಒಗ್ಗರಣೆಯ ವಾಸನೆ ಎರಡು ಓಣಿ ಆಚೆಯಿಂದ ಬಂದರೂ ಹೊಟ್ಟೆ ತೊಳಸುತ್ತಿತ್ತು. ಹುಟ್ಟಾ ಬಂದ ಮೂಗು, ಮೇಲೆ ಬಸಿರು. ನಾನು ಅಡಿಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿ ನಿಂತೆ.

"ಆ ಮೂರನೇದ್ದು ಹೊರಗ ಹಾಕ್ರಿ, ಇಲ್ಲಾ ಚೆಲ್ಲಿ ಬರ್ರಿ," ಅಂದೆ. "ಹಳೇ ಗಡಿಗಿ ತೊಳೀದೇ ಇಳಿಸ್ಯಾರ. ನಿನ್ನಿ ಹುಳಿ ಇವತ್ತಿಂದರಾಗ ಕೂಡ್ಯದ."

ಅವರು ತಲೆ ಎತ್ತಿ ನೋಡಿದರು. "ಅಲ್ಲಿಂದ ಹ್ಯಾಂಗ ತಿಳೀತು?"

"ತಿಳೀದೇ ಏನು? ಎರಡನೇದಕ್ಕ ಬೆಲ್ಲ ಕಲಸ್ಯಾರ. ನಾಕನೇದು ನೀರ ಹತ್ರ ಇದ್ದ ಗಿಡದ್ದು, ವಾಸನಿ ತೆಳ್ಳಗದ. ಮೊದಲ್ನೇದೊಂದ ಸೈ."

ಅವರು ಎದ್ದು ಸೈಕಲ್ ಹತ್ತಿ ಹೋದರು. ನನಗೆ ಬೇಸರವಾಯಿತು, ಮಾತಾಡಿದ್ದೇ ತಪ್ಪಾಯಿತೇನೋ ಅಂತ. ಹೊತ್ತು ನೆತ್ತಿಗೆ ಬಂದಾಗ ತಿರುಗಿ ಬಂದರು, ಬೆವರಿನಲ್ಲಿ ತೋಯ್ದು. ಗಿಡ ಇಳಿಸುವವರನ್ನೇ ಕೇಳಿ ಬಂದಿದ್ದರು. ಗಡಿಗೆ ತೊಳೆಯದ್ದೂ ನಿಜ, ಬೆಲ್ಲವೂ ನಿಜ, ಹಳ್ಳದ ದಂಡೆಯ ಗಿಡವೂ ನಿಜ. ಹೊಸ್ತಿಲಲ್ಲೇ ನಿಂತು, ಮದುವೆಯಾದ ದಿನದಿಂದ ಎಂದೂ ನೋಡದ ಹಾಗೆ ನನ್ನನ್ನು ನೋಡಿದರು. ಆಮೇಲೆ ಜೋರಾಗಿ ನಕ್ಕರು. ನಾನೂ ನಕ್ಕೆ. ಆ ಮನೆಯಲ್ಲಿ ನಗುವಿನ ಸದ್ದು ಕೇಳಿದ್ದು ಅದೇ ಮೊದಲು.

ಅಲ್ಲಿಂದ ಶುರುವಾಯಿತು. ಗಡಿಗೆಗಳು ಅಂಗಳದಲ್ಲಿ, ನಾನು ಬಾಗಿಲೊಳಗೆ, ನಡುವೆ ಅವರು. ಹತ್ತಿರ ಹೋದರೆ ವಾಂತಿ, ಆದ್ದರಿಂದ ದೂರದಿಂದಲೇ. ಗಾಳಿ ಇಲ್ಲದ ದಿನ ಅವರು ಮೊರದಿಂದ ನನ್ನ ಕಡೆಗೆ ಬೀಸುತ್ತಿದ್ದರು. ನಾನು ಮೊದಲು ಯಾವುದು ಕೆಟ್ಟದ್ದೆಂದು ಹೇಳುತ್ತಿದ್ದೆ, ಆಮೇಲೆ ಒಳ್ಳೆಯದರಲ್ಲಿ ಒಳ್ಳೆಯದು ಯಾವುದೆಂದು. ಕೆಟ್ಟದ್ದನ್ನು ಹೇಳುವುದು ಸುಲಭ. ಒಳ್ಳೆಯ ಎರಡರ ನಡುವೆ ಒಂದನ್ನು ಮೇಲೆ ಇಡುವುದಿದೆಯಲ್ಲ, ಅದರಲ್ಲಿ ಜೀವ ಹೈರಾಣ. ಕಾಡಿನ ಒಳಗಿನ ಒಣನೆಲದ ಗಿಡದ್ದು ಮಾಗಿದ ಬಾಳೆಹಣ್ಣಿನ ಹಾಗೆ ಗಟ್ಟಿ ವಾಸನೆ. ಕಲ್ಲುನೆಲದ್ದು ಹುದುಗು ಬಂದ ಹಿಟ್ಟಿನ ಹಾಗೆ, ಮೊದಲಿಗೆ ಏನೂ ಇಲ್ಲ ಅನ್ನಿಸಿ ಆಮೇಲೆ ಮೂಗಿನಲ್ಲಿ ನಿಲ್ಲುವುದು. ಕರಿಮಣ್ಣಿನ ಗಿಡದ್ದು ಜೋರು, ಆದರೆ ಒರಟು. ಇದನ್ನೆಲ್ಲ ಹೇಳಲು ನನ್ನ ಹತ್ತಿರ ಮಾತಿರಲಿಲ್ಲ. ಅಪ್ಪನ ಬೆಣ್ಣೆಯ ಮಾತುಗಳನ್ನೇ ತಂದು ಹಚ್ಚುತ್ತಿದ್ದೆ. "ಇದು ಮೂರು ದಿನದ ಬೆಣ್ಣಿ ಇದ್ಹಂಗ," ಅಂದರೆ ಅವರಿಗೆ ಅರ್ಥವಾಗುತ್ತಿರಲಿಲ್ಲ. ಬಿಡಿಸಿ ಹೇಳುತ್ತಿದ್ದೆ. ಅವರು ಮತ್ತೆ ಕೇಳುತ್ತಿದ್ದರು. ನಾನು ಮತ್ತೆ ಹೇಳುತ್ತಿದ್ದೆ. ಹೀಗೆ ಸಂಜೆ ಕಳೆಯುತ್ತಿತ್ತು.

ನಿಜ ಹೇಳಬೇಕೆಂದರೆ ನನಗೆ ದರ್ಜೆಯೂ ಬೇಕಾಗಿರಲಿಲ್ಲ, ಸಿಂದಿಯೂ ಬೇಕಾಗಿರಲಿಲ್ಲ. ಯಾರೋ ನನ್ನನ್ನು ಒಂದು ಮಾತು ಕೇಳುತ್ತಿದ್ದರು, ಉತ್ತರಕ್ಕೆ ಕಾಯುತ್ತಿದ್ದರು, ಅಷ್ಟು ಸಾಕಾಗಿತ್ತು. ಹಗಲೆಲ್ಲ ಆ ಓಣಿಯಲ್ಲಿ ನಾನು ಇಲ್ಲದವಳ ಹಾಗೆ ಇರುತ್ತಿದ್ದೆ. ಸಂಜೆ ಆ ಅಂಗಳದಲ್ಲಿ ನಾನು ಹೇಳಿದ್ದೇ ಆಗುತ್ತಿತ್ತು.

ಕೊನೆಗೆ ಎರಡು ಬನ ಉಳಿದವು. ಒಂದು ಕುಂಚಾವರಂ ಕಾಡಿನದು, ಮಾಗಿದ ವಾಸನೆಯದು. ಇನ್ನೊಂದು ಚಂದ್ರಂಪಳ್ಳಿಯ ಆಚೆಯ ಕಲ್ಲುನೆಲದ್ದು. ನಮ್ಮವರಿಗೆ ಕುಂಚಾವರಂನದೇ ಮೊದಲಾಗಬೇಕೆಂಬ ಆಸೆ, ಯಾಕೆಂದರೆ ಗಿಡ ಇಳಿಸುವವರೆಲ್ಲ ಅದನ್ನೇ ಹೊಗಳುತ್ತಿದ್ದರು. ಮುಂಜಾನೆ ಮೂಸಿದಾಗ ನನಗೂ ಅದೇ ಮೇಲು ಅನ್ನಿಸಿತು.

"ಚಿತ್ತಾಪುರಕ್ಕ ಹ್ಯಾಂಗ ಹೋಗ್ತಾವ್ರಿ ಇವು?" ಅಂತ ಕೇಳಿದೆ.

"ಲಾರಿದಾಗ."

"ಹಂಗಾದ್ರ ಎರಡೂ ಗಡಿಗಿ ಸೈಕಲ್ಲಿಗಿ ಕಟ್ಟಿಕೊಂಡು ಊರ ಹೊರಗ ನಾಕು ಸುತ್ತು ಹೊಡದು ಬರ್ರಿ. ಸಂಜೀಕ ನೋಡಮ್."

ತುಪ್ಪದ ಡಬ್ಬಿಗಳನ್ನು ಬಂಡಿಯಲ್ಲಿ ಕಳಿಸುವ ಮನೆಯಲ್ಲಿ ಬೆಳೆದವಳು ನಾನು. ಅಂಗಡಿಯಲ್ಲಿ ಚೆಂದ ಇದ್ದದ್ದು ಶಹಾಬಾದ್ ಮುಟ್ಟುವಾಗ ಕೆಟ್ಟು ಕೂತದ್ದನ್ನು ನೋಡಿದವಳು. ಅವರು ಬಿಸಿಲಿನಲ್ಲಿ, ಹೆಂಡದ ಗಡಿಗೆ ಕಟ್ಟಿಕೊಂಡು, ಊರ ಸುತ್ತ ಸೈಕಲ್ ಹೊಡೆದರು. ಜನ ಏನಂದರೋ. ಸಂಜೆಗೆ ಕುಂಚಾವರಂನದು ನೊರೆ ಉಕ್ಕಿ, ಹುಳಿ ಹೊಡೆದು, ನಾಚಿಕೆ ಬಿಟ್ಟಿತ್ತು. ಕಲ್ಲುನೆಲದ್ದು ಮುಂಜಾನೆಗಿಂತ ಚೆನ್ನಾಗಿತ್ತು.

"ಗಿಡದ ಬುಡಕ ಚೆಂದ ಇರಾದು ಬ್ಯಾರೆ, ಊರು ದಾಟಿ ಹೋಗಿ ಚೆಂದ ಇರಾದು ಬ್ಯಾರೆ," ಅಂದೆ. "ಇದನ್ನ ಮೊದಲ್ನೇದು ಅಂತ ಬರೀರಿ."

ಅವರು ಬರೆದರು. ಗಡಿಗೆಗಳು ಚಿತ್ತಾಪುರಕ್ಕೆ ಹೋದವು. ಅವರೂ ಲಾರಿಯಲ್ಲೇ ಹೋದರು.

ಮೂರನೆಯ ದಿನ ಬಂದವರು ಪೇಡೆಯ ಪೊಟ್ಟಣ ಹಿಡಿದು ಬಂದರು. ಮೊದಲು ತಿನ್ನು, ಆಮೇಲೆ ಹೇಳುತ್ತೀನಿ ಅಂದರು. ಬೇರೆ ತಾಲೂಕಿನ ಹಳೆಯ ಹುಲಿಗಳು ಆರಿಸಿ ಕಳಿಸಿದ್ದೆಲ್ಲ ದಾರಿಯಲ್ಲೇ ಹುಳಿಯಾಗಿ, ಸಾಹೇಬರು ಒಂದು ಗುಟುಕು ಕುಡಿದು ಉಗುಳಿದರಂತೆ. ನಮ್ಮದೊಂದೇ ನಿಂತದ್ದು. ಕೂತಿದ್ದ ಹಿರಿಯರೆಲ್ಲ ಎರಡೆರಡು ಸಲ ಹಾಕಿಸಿಕೊಂಡು ಕುಡಿದರಂತೆ. ದೊಡ್ಡ ಸಾಹೇಬರು ಎದ್ದು ಬಂದು ಬೆನ್ನು ತಟ್ಟಿ, ಇಷ್ಟು ವರ್ಷದಲ್ಲಿ ಇಂಥ ಪರೀಕ್ಷಕನನ್ನು ನೋಡಿಲ್ಲ ಅಂದರಂತೆ. ಲಿಂಗಾಯತನಾಗಿ ಇಷ್ಟು ಪಳಗಿದ ನಾಲಿಗೆ ಹೇಗೆ ಬಂತು ಅಂತ ಕಣ್ಣು ಮಿಟುಕಿಸಿದರಂತೆ. ಇವರು ಏನು ಹೇಳಬೇಕು? ಸುಮ್ಮನೆ ನಕ್ಕರಂತೆ.

"ನಿನ್ನ ಹೆಸರು ಹೇಳಾಕ ಬರಂಗಿಲ್ಲಲ್ಲ," ಅಂದರು ನನಗೆ. "ಇಲ್ಲಂದ್ರ ಹೇಳ್ತಿದ್ದೆ."

"ಬ್ಯಾಡ್ರಿ. ಅರ್ಜಿ ಮಾತು ತೆಗದ್ರೇನು?"

"ತೆಗದೆ. ನೋಡ್ತೀನಿ ಅಂದಾರ."

ಅಷ್ಟು ಸಂತೋಷದಲ್ಲಿದ್ದ ಸಾಹೇಬರು ನೋಡುತ್ತೀನಿ ಅಂದಮೇಲೆ ಕೆಲಸ ಆದ ಹಾಗೇ ಅಂತ ನಾನು ಅಂದುಕೊಂಡೆ. ಪೇಡೆ ತಿನ್ನುತ್ತ ಸೇಡಂನ ಮನೆಯ ಬಾಣಂತಿ ಕೋಣೆಯಲ್ಲಿ ಮಂಚ ಎಲ್ಲಿ ಹಾಕಬೇಕೆಂದು ಯೋಚಿಸಿದೆ.

ಸಾಹೇಬರು ನೋಡಿದರು. ಆರನೆಯ ತಿಂಗಳು ಮುಗಿಯುವಾಗ ಹುಕುಂ ಬಂತು. ನಮ್ಮವರು ಅದನ್ನು ಕಚೇರಿಯಲ್ಲೇ ಓದಿ, ಮಡಚಿ ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದರು. ಬಂದವರು ಕಾಲು ತೊಳೆಯಲಿಲ್ಲ, ನಶ್ಯದ ಡಬ್ಬಿ ತೆಗೆಯಲಿಲ್ಲ.

"ವರ್ಗ ಇಲ್ಲ," ಅಂದರು. "ಇಂಥಾ ಅನುಭವ ಇದ್ದವರನ್ನ ಖಾತೆ ಬಿಟ್ಟು ಕೊಡಾಕ ಬರಂಗಿಲ್ಲ ಅಂತ ಬರದಾರ. ಇನ್ನ ಮ್ಯಾಲೆ ಅರ್ಜಿ ಹಾಕಬಾರದಂತ."

ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ನಿಲ್ಲಿಸಿದರೆ ಅಳು ಬರುತ್ತದೆಂದು ಗೊತ್ತಿತ್ತು. ಬಡಿಯುತ್ತಲೇ ಇದ್ದೆ. ರೊಟ್ಟಿ ತೆಳ್ಳಗಾಗಿ, ಹರಿದು, ಹಿಟ್ಟು ನಾದುವ ಕೊಣಮಿಗೆಯ ತಳ ಕಾಣಿಸಿತು. ನಾನು ಹೇಳಿದ್ದೆಲ್ಲ ಸುಳ್ಳಾಗಿದ್ದರೆ, ನಮ್ಮ ಗಡಿಗೆಯೂ ಚಿತ್ತಾಪುರದಲ್ಲಿ ಹುಳಿಯಾಗಿದ್ದರೆ, ಇಂಥ ದಡ್ಡನನ್ನು ತಹಸೀಲಿಗೆ ತಳ್ಳಿ ಕೈ ತೊಳೆದುಕೊಳ್ಳುತ್ತಿದ್ದರು. ಹುಳಿಯಾಗಲಿಲ್ಲ. ನನ್ನ ಮೂಗೇ ಅವರನ್ನು ಆ ಖಾತೆಗೆ ಕಟ್ಟಿಹಾಕಿತು, ಅವರ ಜೊತೆ ನನ್ನನ್ನೂ. ಇದನ್ನು ಯಾರ ಮುಂದೆ ಹೇಳಿ ಅಳಬೇಕು? ನಾವಿಬ್ಬರೂ ಆ ಸಂಜೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಏಳನೆಯ ತಿಂಗಳಲ್ಲಿ ಅವ್ವ ಬಂದಳು. ಮಧ್ಯಾಹ್ನದ ಬಸ್ಸಿಗೆ, ಅಂಗಡಿಯ ಒಬ್ಬ ಆಳನ್ನು ಜೊತೆಗೆ ಕರೆದುಕೊಂಡು. ಆಳು ಬುತ್ತಿಯ ಬುಟ್ಟಿಗಳನ್ನು ಕಟ್ಟೆಯ ಮೇಲಿಟ್ಟು ಬಸ್ ನಿಲ್ದಾಣಕ್ಕೇ ತಿರುಗಿ ಹೋದ. ಕುಬಸಕ್ಕೆ ಬರುವವರೆಂದರೆ ಓಣಿ ತುಂಬ ಹೆಂಗಸರು, ಹಾಡು, ಗದ್ದಲ. ಅವ್ವ ಒಬ್ಬಳೇ ಬಂದು, ಸೆರಗು ತಲೆಯ ಮೇಲೆ ಎಳೆದುಕೊಂಡು, ಬಾಗಿಲಲ್ಲಿ ನಿಂತಳು. ನಮ್ಮವರು ತಾಯಿ ಮಗಳು ಮಾತಾಡಲಿ ಅಂತ ಹೊರಗೆ ಹೋದರು.

ಅವ್ವ ನನಗೆ ಹಸಿರು ಸೀರೆ ಉಡಿಸಿದಳು, ಕುಬಸ ತೊಡಿಸಿದಳು, ಬಳೆ ಏರಿಸಿದಳು. ಹಾಡು ಒಂದೆರಡು ಸಾಲು ಒಬ್ಬಳೇ ಹಾಡಿ ನಿಲ್ಲಿಸಿದಳು. ಬುತ್ತಿ ಬಿಚ್ಚಿದಳು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮೊಸರನ್ನ. ಕೈಯಾರೆ ತುತ್ತು ಮಾಡಿ ನನ್ನ ಬಾಯಿಗಿಟ್ಟಳು. ಬುತ್ತಿ ತರುವುದು ರೂಢಿ. ಆದರೆ ಬುಟ್ಟಿಯ ತಳದಿಂದ ಅವ್ವ ಒಂದು ಹಿತ್ತಾಳೆ ತಂಬಿಗೆ ತೆಗೆದಳು. ಬಾಯಿಗೆ ಬಿಳಿ ಅರಿವೆ ಬಿಗಿದು ಕಟ್ಟಿತ್ತು. ಅದು ರೂಢಿಯಲ್ಲ. ಸೇಡಂನಿಂದ ಕುಡಿಯಲು ನೀರು ತಂದಿದ್ದಳು.

ದಾರಿಯುದ್ದಕ್ಕೂ ಬಸ್ಸು ಕುಲುಕಿ, ನೀರೆಲ್ಲ ಚೆಲ್ಲಿ, ಬುಟ್ಟಿಯ ಅರಿವೆ ಹಸಿಯಾಗಿತ್ತು. ತಂಬಿಗೆಯಲ್ಲಿ ಉಳಿದದ್ದು ಒಂದು ಗುಟುಕು. ಬಿಸಿಲಿನಲ್ಲಿ ಬಂದ ಅವ್ವನ ತುಟಿ ಬಿರಿದಿದ್ದವು. ಆ ಗುಟುಕನ್ನು ಕುಡಿದು ತಂಬಿಗೆ ಕೆಳಗಿಟ್ಟಳು. ನಾನು ನೋಡಿದೆ. ನಮ್ಮ ಮನೆಯ ನೀರಿನ ಕೊಡ ಮೂಲೆಯಲ್ಲಿ ತುಂಬಿಯೇ ಇತ್ತು.

"ನಿಮ್ಮಪ್ಪ ಹೇಳಿ ಕಳಿಸ್ಯಾರ," ಅಂದಳು. "ಬಾಣಂತನಕ್ಕ ಕರಕೊಂಡು ಬಾ ಅಂದಾರ."

ನಾನು ಅವ್ವನ ಕೈ ಹಿಡಿದೆ. "ಖರೇನ?"

"ಖರೇನ. ಆದ್ರ ಅಳಿಯಂದ್ರು ಬರಂಗಿಲ್ಲ. ಕೂಸು ನೋಡಾಕೂ ಬರಂಗಿಲ್ಲ. ಆ ಖಾತೆದಾಗ ಇರೂತನಕ ನಮ್ಮ ಹೊಸ್ತಿಲ ತುಳಿಬಾರದು ಅಂದಾರ. ನೀ ಒಬ್ಬಾಕೀನೇ ಬಾ." ಆಮೇಲೆ ದನಿ ತಗ್ಗಿಸಿ, "ಊರಾಗ ಎಲ್ಲಾರೂ ಅಳಿಯಂದ್ರ ದರ್ಜೆ ಮಾತ ಆಡಾಕತ್ತಾರ. ಲಿಂಗವಂತ ಆಗಿ ಎಷ್ಟು ಕುಡದಿರಬೇಕು ಅಂತ ನಗ್ತಾರ. ನಿಮ್ಮಪ್ಪಗ ಅಂಗಡ್ಯಾಗ ಕುಂದ್ರಾಕ ಆಗವಲ್ದು," ಅಂದಳು.

ಎರಡು ವರ್ಷ ನಾನು ಕಾದ ಕರೆ ಅದು. ಗಂಟು ಕಟ್ಟುವುದಷ್ಟೇ ಬಾಕಿ. ಸಂಜೆಯ ಬಸ್ಸಿಗೆ ಕೂತರೆ ಊಟದ ಹೊತ್ತಿಗೆ ನನ್ನ ಮನೆ, ನನ್ನ ಕೋಣೆ, ಅಪ್ಪನ ಕೆಮ್ಮು. ಹೋಗಬೇಕು ಅಂತ ಮೈಯೆಲ್ಲ ಕೂಗಿತು. ಆದರೆ ಇಲ್ಲಿ ಈ ಮನುಷ್ಯ ಸೈಕಲ್ ಒರಗಿಸಿ ಒಳಗೆ ಬಂದು ಯಾರ ಮುಖ ನೋಡುತ್ತಾರೆ? ಕುಡಿಯದವರನ್ನು ಕುಡುಕರೆಂದು ಸೇಡಂ ಬಜಾರು ನಗುತ್ತಿತ್ತು. ನಗುವ ಹಾಗೆ ಮಾಡಿದವಳು ನಾನು. ಅವರು ಎಲ್ಲಿಯೂ ಬಾಯಿ ಬಿಟ್ಟಿರಲಿಲ್ಲ.

"ಅವ್ವಾ, ಅವರು ಒಂದು ಹನಿ ಮುಟ್ಟಿಲ್ಲ," ಅಂದೆ. "ದರ್ಜೆ ಹಚ್ಚಿದಾಕಿ ನಾ. ಈ ಬಾಗಲ್ದಾಗ ನಿಂತು ಮೂಸಿ ಹೇಳ್ದೆ, ಅವರು ಬರಕೊಂಡ್ರು. ಅಪ್ಪಗ ಹೇಳು. ಅಬಕಾರಿಯವರು ಬ್ಯಾಡ ಅಂದ್ರ ನಾನೂ ಬ್ಯಾಡಾಗಬೇಕು."

ಅವ್ವ ನನ್ನ ಮುಖವನ್ನೇ ನೋಡಿದಳು. ನಂಬಿದಳು ಅಂತ ಕಣ್ಣಲ್ಲೇ ಗೊತ್ತಾಯಿತು.

"ಹೇಳಬ್ಯಾಡ ಇದನ್ನ," ಅಂದಳು. "ನಿಮ್ಮಪ್ಪಗ ಇದು ತಿಳದ್ರ ಸಾಯ್ತಾರ."

"ಹಂಗಾದ್ರ ನಾ ಬರಂಗಿಲ್ಲ."

ಅವ್ವ ಬುತ್ತಿಯ ಅರಿವೆಗಳನ್ನು ಒಂದೊಂದಾಗಿ ಮಡಚಿ ಬುಟ್ಟಿಯಲ್ಲಿಟ್ಟಳು. ಬಾ ಅಂತ ಮತ್ತೆ ಕರೆಯಲಿಲ್ಲ. ಎದ್ದು ನೇರ ನೀರಿನ ಕೊಡದ ಹತ್ತಿರ ಹೋದಳು. ನಾನು ತೋಡಿ ಕೊಡಲು ಏಳುವಷ್ಟರಲ್ಲಿ ತಾನೇ ತಂಬಿಗೆ ಅದ್ದಿ, ನಿಂತಲ್ಲೇ, ಗಟಗಟ ಕುಡಿದಳು. ಗದ್ದದ ಮೇಲೆ ಹರಿದು ಕುಬಸ ತೋಯ್ದರೂ ನಿಲ್ಲಿಸಲಿಲ್ಲ. ಕುಡಿದು ಮುಗಿಸಿ, ತಂಬಿಗೆಯನ್ನು ಮತ್ತೊಮ್ಮೆ ನಮ್ಮ ಕೊಡದಿಂದ ತುಂಬಿ, ಬಿಳಿ ಅರಿವೆ ಬಾಯಿಗೆ ಕಟ್ಟಿ, ಬುಟ್ಟಿಯಲ್ಲಿ ಇಟ್ಟುಕೊಂಡಳು. ನನ್ನ ಗಲ್ಲ ಹಿಡಿದು ಲಟಿಕೆ ಮುರಿದು ಹೊರಟಳು.

ನಾನು ಬಾಗಿಲಲ್ಲಿ ನಿಂತು ನೋಡಿದೆ. ಓಣಿಯ ತಿರುವಿನಲ್ಲಿ ನಮ್ಮವರು ಎದುರಾದರು. ಅವ್ವ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿದು ನಿಂತಳು. ಅವರು ಸೈಕಲ್ಲಿನಿಂದ ಇಳಿದು ಬಗ್ಗಿ ನಮಸ್ಕಾರ ಮಾಡಿದರು. ಮಾತಾಡಿದರೋ ಇಲ್ಲವೋ ಕೇಳಿಸಲಿಲ್ಲ.

ಕೂಸು ಚಿಂಚೋಳಿಯಲ್ಲೇ ಹುಟ್ಟಿತು. ಬಿಸಿನೀರು ಕಾಸಿದವರೂ, ಖಾರ ಕುಟ್ಟಿದವರೂ ನಮ್ಮವರೇ. ಅಪ್ಪ ಬರಲಿಲ್ಲ. ಆಮೇಲೂ ಬರಲಿಲ್ಲ. ಅವ್ವ ಆ ಮಾತನ್ನು ಅವರಿಗೆ ಕೊನೆಯತನಕ ಹೇಳಲಿಲ್ಲವೆಂದು ಕಾಣುತ್ತದೆ. ಅಪ್ಪನ ಕಣ್ಣಿನಲ್ಲಿ ನಾನು ಕುಡುಕನ ಹೆಂಡತಿಯಾಗಿಯೇ ಉಳಿದೆ. ಆ ತಂಬಿಗೆಯ ನೀರನ್ನಂತೂ ಅವ್ವ ಸೇಡಂ ಮುಟ್ಟುವ ಮೊದಲೇ ದಾರಿಯಲ್ಲಿ ಕುಡಿದಿರಬೇಕು, ಇಲ್ಲ ಚೆಲ್ಲಿರಬೇಕು. ಅದು ನಮ್ಮಪ್ಪನ ಮನೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ.